ಅರ್ಧ ಕೊಬ್ಬರಿ

ಅಡುಗೆಮನೆಯ ಕೊಬ್ಬರಿ ಡಬ್ಬಿ ತೆಗೆದರೆ ಸಾಕು, ಗೆಳತಿ ಗಿರಿಜಳ ಮೇಲೆ ಸಿಟ್ಟು ಉಕ್ಕುತ್ತದೆ. ಸತ್ತವಳ ಜೊತೆ ಜಗಳವಾಡುವುದಾದರೂ ಹೇಗೆ?

ನಮಗಾಗ ಹತ್ತು ವರ್ಷ. ಶೆಟ್ಟಿಕೆರೆಯ ಅವರ ಮನೆಯ ಅಟ್ಟದ ಮೇಲೆ ಕಾಯಿಗಳು ಕೊಬ್ಬರಿಯಾಗಲು ವರ್ಷವಿಡೀ ಒಣಗುತ್ತಿದ್ದವು. ಮಕ್ಕಳು ಹತ್ತುವಂತಿರಲಿಲ್ಲ. ಒಂದು ಮಧ್ಯಾಹ್ನ ಅವಳಜ್ಜಿ ಮಲಗಿದ್ದಾಗ ಹತ್ತಿದೆವು. ಒಂದೊಂದೇ ಕಾಯಿಯನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸಿದೆವು. ನೀರು ಕುಲುಕಿದರೆ ಇನ್ನೂ ಹಸಿ, ಲೊಟಲೊಟ ಎಂದರೆ ಕೊಬ್ಬರಿ.

ಇಳಿಯುವಾಗ ಅಟ್ಟದ ಬಿದಿರಿನ ಸಿಬಿರು ಗಿರಿಜಳ ಅಂಗಾಲಿಗೆ ಹೊಕ್ಕಿತು. ಅಜ್ಜಿಯನ್ನು ಕೂಗಲು ಹೋದೆ. ಗಿರಿಜ ನಾರಿನ ಧೂಳು ಮೆತ್ತಿದ ಕೈಯಿಂದ ನನ್ನ ಬಾಯಿ ಮುಚ್ಚಿದಳು.

"ಏನಾಗಿಲ್ಲ ಬುಡೇ. ಯಾರ್ಗೂ ಹೇಳ್ಬ್ಯಾಡ."

ಹೇಳಲಿಲ್ಲ. ಮೂರನೇ ದಿನ ಕಾಲು ಕೀವು ತುಂಬಿ ಊದಿಕೊಂಡಿತು. ಅಜ್ಜಿ ಸೂಜಿಯಿಂದ ಕೆದಕಿ ಸಿಬಿರು ತೆಗೆಯುವಾಗ ಗಿರಿಜ ತುಟಿ ಕಚ್ಚಿ ಕೂತಿದ್ದಳು.

"ನೋಡು, ಒಂದ್ ಹನಿ ಕಣ್ಣೀರ್ ಹಾಕ್ಲಿಲ್ಲ. ಹೆಣ್ಣು ಅಂದ್ರೆ ಹಿಂಗಿರ್ಬೇಕು ಕಣೇ," ಎಂದು ಅಜ್ಜಿ ನನಗೆ ಹೇಳಿ, ಅವಳ ಕೈಗೆ ಬೆಲ್ಲ, ಕೊಬ್ಬರಿ ಇಟ್ಟರು. ಅವಳ ಮುಖ ಊರಗಲವಾಯಿತು. ನನಗೆ ಹೊಟ್ಟೆಕಿಚ್ಚು. ಅಜ್ಜಿ ಅತ್ತ ಹೋದ ಮೇಲೆ ಅವಳು ಕೊಬ್ಬರಿಯನ್ನು ಮುರಿದು ಅರ್ಧ ನನಗೆ ಕೊಟ್ಟಳು, ನಾನು ಬಾಯಿ ಬಿಡದಿದ್ದುದಕ್ಕೆ.

ಮೂರು ತಿಂಗಳ ಹಿಂದೆ ಫೋನ್ ಮಾಡಿದ್ದಳು. ನಾಲ್ಕು ಹೆಜ್ಜೆ ನಡೆದರೆ ಎದೆ ಹಿಡಿಯುತ್ತದಂತೆ.

"ನಮ್ಮನೇಲಿ ಯಾರ್ಗೂ ಹೇಳ್ಬ್ಯಾಡ ಕಣೇ," ಎಂದಳು.

ಹೇಳಲಿಲ್ಲ. ಮಾರನೇ ವಾರ ಬಸ್ಸಿನಲ್ಲಿ ಒಂದು ಚೀಲ ಕೊಬ್ಬರಿ ಕಳಿಸಿದಳು. ಡಬ್ಬಿಯಲ್ಲಿರುವುದು ಅದೇ.