ಐದು ರೊಟ್ಟಿಯ ಬಣ್ಣ

ಐವತ್ತೆರಡನೆಯ ರೊಟ್ಟಿ ಕಲ್ಲಿನ ಮೇಲೆ ಅಂಗೈಯಷ್ಟು ಅಗಲವಾಗಿತ್ತು. ಅಷ್ಟರಲ್ಲಿ ಬಾಗಿಲ ಚಿಲಕದ ಸದ್ದಾಯಿತು. ಎಸ್ತೇರ ಕೈ ನಿಲ್ಲಿಸಲಿಲ್ಲ. ಭಾನುವಾರ ಏಳೂವರೆಗೆ ಗೋಪನಕೊಪ್ಪದ ಈ ಓಣಿಯಲ್ಲಿ ಚಿಲಕ ಬಡಿಯುವವನು ಹಾಲಿನವನಿರಬೇಕು ಅಂದುಕೊಂಡಳು. ಒಳಗೆ ಬಂದವರು ಸಗುಣಾಬಾಯಿ. ಇಸ್ತ್ರಿ ಮಾಡಿದ ಬಿಳಿ ಸೀರೆ, ಬಗಲಲ್ಲಿ ಉದ್ದನೆಯ ರಿಜಿಸ್ಟರು. ಚರ್ಚಿನ ಸಭೆಯ ಹೆಂಗಸರಿಗೆಲ್ಲ ಅವರೇ ಮುಂದಾಳು, ಮಕ್ಕಳಿಗೆ ಸಂಡೇ ಸ್ಕೂಲಿನ ಅಕ್ಕಾರೂ ಅವರೇ.

"ಕೈ ಬಿಡಬ್ಯಾಡ, ನೀ ಬಡಿ. ಒಂದ ಸಾಲು ಬರಕೊಂಡು ಹೋಗತೇನಿ," ಎನ್ನುತ್ತ ಸಗುಣಾಬಾಯಿ ಸ್ಟೂಲು ಎಳೆದುಕೊಂಡು ಕೂತರು. "ಇವತ್ತು ಸ್ತ್ರೀಯರ ಭಾನುವಾರ. ಈ ವರ್ಷ ಯಾರು ಕರ್ತನ ಕೆಲಸ ಏನೇನು ಮಾಡ್ಯಾರ, ಆರಾಧನ್ಯಾಗ ಓದಬೇಕು. ಎಲ್ಲಾರದೂ ಬರದಾತು. ನಿನ್ನ ಹೆಸರಿನ ಮುಂದ ಒಂದ ಖಾಲಿ ಐತಿ."

"ನನ್ನದೇನೈತ್ರಿ ಅಕ್ಕಾರ."

"ಏನರೆ ಇದ್ದs ಇರತೈತಿ. ಗುರುವಾರದ ಪ್ರಾರ್ಥನಾಕೂಟ?"

"ಗುರುವಾರ ಎರಡನೂರು ರೊಟ್ಟಿ ಇರ್ತಾವ್ರಿ."

"ದವಾಖಾನಿ ಭೇಟಿ? ಹಣ್ಣು ತಗೊಂಡು ಹನ್ನೆರಡು ಸಲ ಹೋಗಿ ಬಂದ್ವಿ. ಒಂದ ಸಲಾನೂ ನೀ ಬರಲಿಲ್ಲ."

"ಕರದಿದ್ರಿ, ಖರೇ. ಹೊತ್ತ ಆಗಲಿಲ್ಲ."

"ನಿನ್ನ ಹಾಡಿಗೆ ಪಲ್ಲವಿ ಒಂದs ನೋಡವಾ, ಹೊತ್ತಿಲ್ಲ ಹೊತ್ತಿಲ್ಲ ಅಂತ. ಚರಣ ಬರೂದ ಇಲ್ಲ."

ಎಸ್ತೇರಳಿಗೂ ನಗೆ ಬಂತು. ಬಂದದ್ದು ತುಟಿಯಿಂದ ಕೆಳಗಿಳಿಯಲಿಲ್ಲ. ರೊಟ್ಟಿಯ ಅಂಚು ಹರಿಯಿತು. ಒದ್ದೆ ಬೆರಳಿನಿಂದ ಅಲ್ಲಿ ಕೂಡಿಸಿದರೆ ಇಲ್ಲಿ ಬಿರಿಯಿತು. ಆರು ವರ್ಷಗಳಿಂದ ಖಾನಾವಳಿಗೆ ರೊಟ್ಟಿ ಬಡಿದು ಕೊಡುತ್ತ ಬಂದ ಕೈ ಅದು; ಕಣ್ಣು ಮುಚ್ಚಿ ಬಡಿದರೂ ಚಂದಿರನಂತೆ ದುಂಡಗಾಗುತ್ತಿತ್ತು. ಇತ್ತೀಚೆಗೆ ಅದಕ್ಕೂ ಮನಸ್ಸಿನ ರೋಗ ಅಂಟಿಕೊಂಡಿತ್ತು. ಭಾನುವಾರ ಅವಳು ಚರ್ಚು ಮುಟ್ಟುವ ಹೊತ್ತಿಗೆ ಕಡೆಯ ಹಾಡು ಶುರುವಾಗಿರುತ್ತಿತ್ತು. ಹಿಂದಿನ ಬೆಂಚಿನಲ್ಲಿ, ಉಗುರಿನ ಹಿಟ್ಟು ಕಾಣದಂತೆ ಕೈಗೆ ಸೆರಗು ಹೊದಿಸಿ ಕೂರುತ್ತಿದ್ದಳು. ಇಷ್ಟು ವರ್ಷ ಬಡಿದದ್ದು ಬರೀ ಹಿಟ್ಟೇನು? ಈ ಮಾತು ಎಷ್ಟು ಸಲ ಒರೆಸಿದರೂ ಹೋಗದ ಮಸಿಯಂತೆ ಅವಳೊಳಗೆ ಕೂತಿತ್ತು.

ರೊಟ್ಟಿಯ ಬುಟ್ಟಿಯ ಪಕ್ಕದಲ್ಲಿ ಎಂಟು ವರ್ಷದ ಮಗಳು ರೂತ್ ಚಿತ್ರಕ್ಕೆ ಬಣ್ಣ ತುಂಬುತ್ತಿದ್ದಳು. ಸಂಡೇ ಸ್ಕೂಲಿನಲ್ಲಿ ಕೊಟ್ಟ ಹಾಳೆ. ಒಬ್ಬ ಹುಡುಗ ತನ್ನ ಬುತ್ತಿಯನ್ನು ಯೇಸುಸ್ವಾಮಿಯ ಕೈಗೆ ಕೊಡುತ್ತಿದ್ದಾನೆ. ಐದು ರೊಟ್ಟಿ, ಎರಡು ಮೀನು. ಹಿಂದೆ, ಅಷ್ಟರಲ್ಲೇ ಹೊಟ್ಟೆ ತುಂಬಲಿರುವ ಹಸಿದ ಐದು ಸಾವಿರ ಮಂದಿ, ಚುಕ್ಕೆಗಳಾಗಿ. ಸಗುಣಾಬಾಯಿ ಬಗ್ಗಿ ನೋಡಿದರು.

"ಮತ್ತ ಬಿಳೀ ಬಣ್ಣ ಬಳದೀಯಲ್ಲ ರೂತೂ. ನಡುನಡುವ ಈ ಕರೀ ಚುಕ್ಕಿ ಏನು?"

"ಹಂಚಿನ ಮ್ಯಾಲೆ ಸುಟ್ಟದ್ದರೀ ಅಕ್ಕಾರ."

"ಅದು ನಮ್ಮ ಜ್ವಾಳದ ರೊಟ್ಟಿ ಅಲ್ಲವಾ ತಾಯಿ. ಆ ಸೀಮ್ಯಾಗ ರೊಟ್ಟಿ ಬೇಕರಿ ಪಾವಿನಂಗ ಉಬ್ಬಿರತಾವ. ಕಂದು ಬಣ್ಣ ಹಾಕು ಅಂತ ಹೋದ ವಾರಾನ ಹೇಳಿದ್ದೆ."

"ಹಂಗಾರ ಅಕ್ಕಾರ, ಮತ್ತ..."

"ತಡಿ, ದೊಡ್ಡವರು ಮಾತಾಡಾಕತ್ತೇವಿ," ಎಂದಳು ಎಸ್ತೇರ. ರೂತ್ ಬಾಯಿ ಮುಚ್ಚಿದಳು. ಹೋದ ಭಾನುವಾರ ಸಂಡೇ ಸ್ಕೂಲಿನಲ್ಲಿ ಅವಳು ಹೀಗೆಯೇ ಬಾಯಿ ತೆರೆದಾಗ ಗಂಟೆ ಹೊಡೆದಿತ್ತು. ವಾರವೆಲ್ಲ ಮನೆಯಲ್ಲಿ "ಅವ್ವಾ, ಮತ್ತ" ಅಂದಾಗಲೆಲ್ಲ "ಆಮ್ಯಾಲೆ" ಎಂಬ ಉತ್ತರ ಬಂದಿತ್ತು.

ಹೊರಗೆ ಆಟೊದ ಹಾರ್ನು. ರೊಟ್ಟಿ ಒಯ್ಯುವ ಬಾಬುಸಾಬ ಅಲ್ಲಿಂದಲೇ ಕೂಗಿದ. "ಅಕ್ಕಾ, ಲಗೂ ಮಾಡ್ರಿ. ರಾತ್ರೆಲ್ಲ ದವಾಖಾನ್ಯಾಗ ಪೇಶಂಟ್ ಕಾಯ್ಕೊಂಡು ಕುಂತ ಮಂದಿ ಖಾನಾವಳಿ ಮುಂದ ನಿಂತಾರ. ರೊಟ್ಟಿ ಬಂತೇನು, ರೊಟ್ಟಿ ಬಂತೇನು ಅಂತ ನನ್ನ ತಿನ್ನಾಕತ್ತಾರ."

"ಹತ್ತ ನಿಮಿಷ ತಡಿ, ಬಾಬುಸಾಬ."

ಸಗುಣಾಬಾಯಿ ಗಡಿಯಾರ ನೋಡಿಕೊಂಡರು. ಕೆಟ್ಟವರಲ್ಲ, ಯಾರ ಹೆಸರೂ ಖಾಲಿ ಉಳಿಯಬಾರದು ಎಂಬುದಷ್ಟೇ ಅವರ ಕಾಳಜಿ. "ದಿನಾ ಮನ್ಯಾಗ ಪ್ರಾರ್ಥನಾ ಮಾಡತಾಳ ಅಂತ ಬರದಬಿಡ್ಲೇನು?"

"ಸುಳ್ಳ ಬರೀಬ್ಯಾಡ್ರಿ ಅಕ್ಕಾರ. ಮೊಣಕಾಲೂರಿದ್ರ ನಿದ್ದಿ ಬರತೈತಿ, ಆಮೆನ್ ತನಕ ಮುಟ್ಟೂದಿಲ್ಲ ನಾ." ಎಸ್ತೇರ ಒದ್ದೆ ಅರಿವೆಯನ್ನು ಕೆಳಗಿಟ್ಟಳು. ಅವಳ ದನಿ ಅವಳಿಗೇ ಅಪರಿಚಿತವಾಗಿತ್ತು. "ಹಿಂಗ ಬರೀರಿ. ಮುಂದಿನ ತಿಂಗಳಿಂದ ರೊಟ್ಟಿ ಬಡಿಯೂದು ಬಿಡತಾಳ, ಕರ್ತನ ಕೆಲಸಕ್ಕ ಬರತಾಳ ಅಂತ. ಈಗs ಬಾಬುಸಾಬಗ ಹೇಳಿ ಕಳಸತೇನಿ. ಸಾಯೂದ್ರೊಳಗ ನನ್ನ ಹೆಸರಿನ ಮುಂದೂ ಒಂದ ಸಾಲು ಇರಲಿ."

ಪೆನ್ನು ಹಾಳೆಗೆ ತಾಗಿ ಅಲ್ಲೇ ನಿಂತಿತು. ಹಂಚಿನ ಮೇಲಿನ ರೊಟ್ಟಿಯನ್ನು ಯಾರೂ ಹೊರಳಿಸಲಿಲ್ಲ. ಸೀದ ವಾಸನೆ ಎದ್ದಿತು. ಆಟೊ ಮತ್ತೊಮ್ಮೆ ಕೂಗಿತು. ಎದ್ದವಳು ರೂತ್. ಅವ್ವ ಮಾಡುವಂತೆಯೇ ಅರಿವೆಯಿಂದ ಅಂಚು ಒತ್ತಿ ರೊಟ್ಟಿ ತೆಗೆದು ಬದಿಗಿಟ್ಟಳು, ಒಲೆ ಸಣ್ಣ ಮಾಡಿದಳು. ಆಮೇಲೆ ಚಿತ್ರದ ಹಾಳೆ ಹಿಡಿದು ಸಗುಣಾಬಾಯಿಯ ಎದುರು ನಿಂತಳು. ಹಾಳೆಯ ಮೇಲೆ ಅವಳ ಹಿಟ್ಟಿನ ಬೆರಳಗುರುತು ಮೂಡಿದವು.

"ಬಣ್ಣ ಬೇಕಾದ್ರ ಬದಲಿ ಮಾಡತೇನ್ರಿ ಅಕ್ಕಾರ," ಎಂದಳು. "ಆದ್ರ ಈ ಹುಡುಗನ ಬುತ್ತಿಗೆ ಮುಂಜಾನೆ ಎದ್ದು ಐದು ರೊಟ್ಟಿ ಬಡದಾಕಿ ಯಾರ್ರಿ? ಆಕಿ ಹೆಸರು ಯಾಕ ಬರದಿಲ್ಲ?"