ಅಳಿಸಿದ ಚುಕ್ಕಿ

"ಇದೊಂದು ಚುಕ್ಕಿ ಗೆರೆ ಮೇಲೆ ಕೂರ್ಲಿಲ್ಲ ಸರ್, ಅಳಿಸಿಬಿಟ್ಟೆ," ಎಂದಳು ಮುಂದಿನ ಬೆಂಚಿನ ಹುಡುಗಿ.

ಗಣಿತದ ಮೇಷ್ಟ್ರು ಅವಳ ಕೈಯಿಂದ ರಬ್ಬರ್ ಕಿತ್ತುಕೊಂಡರು. ಸಂಶೋಧಕರಾಗಿದ್ದಾಗ, ಗಾಜು ಎಷ್ಟು ಬಿಸಿ ತಾಳುತ್ತದೆಂಬ ಗ್ರಾಫಿನಲ್ಲಿ ಅವರೂ ಹೀಗೇ ಒಂದು ಚುಕ್ಕಿ ಅಳಿಸಿದ್ದರು. ಆ ನೇರ ಗೆರೆ ಮೆಚ್ಚಿಯೇ ಕಾರ್ಖಾನೆಯವರು ಕರೆದು ಕೆಲಸ ಕೊಟ್ಟಿದ್ದರು. ಅಲ್ಲಿ, ಅಳಿಸಿದ ಚುಕ್ಕಿ ಹೇಳಿದ್ದ ಬಿಸಿಗೇ ಕುಲುಮೆಯ ಕಿಂಡಿಯ ಗಾಜು ಸಿಡಿದು ಒಬ್ಬ ಫಿಟ್ಟರನ ಎರಡೂ ಕಣ್ಣು ಹೋದವು. ತನಿಖೆಯಲ್ಲಿ ತಪ್ಪು ಫಿಟ್ಟರನದೇ ಎಂದಾಯಿತು. ಇವರು ತುಟಿಪಿಟಕ್ಕೆನ್ನದೆ ರಾಜೀನಾಮೆ ಕೊಟ್ಟು ಬಂದರು.

"ಆ ಚುಕ್ಕಿ ಮತ್ತೆ ಇಡಮ್ಮ."

"ಗೆರೆ ಸೊಟ್ಟ ಆಗುತ್ತೆ. ಮಾರ್ಕ್ಸ್ ಹೋಗಲ್ವಾ ಸರ್?"

"ಮಾರ್ಕ್ಸ್ ತಾನೇ ಹೋಗೋದು."

ಮೇಷ್ಟ್ರು ಬೋರ್ಡಿನ ಕಡೆ ತಿರುಗಿದರು. ಬೆನ್ನ ಹಿಂದೆ ಅವಳು ಪಕ್ಕದವಳ ಹತ್ತಿರ ರಬ್ಬರ್ ಕೇಳಿದ್ದು ಕಿವಿಗೆ ಬಿತ್ತು. ಈ ಸಲವೂ ಅವರು ತುಟಿಪಿಟಕ್ಕೆನ್ನಲಿಲ್ಲ.