ತಪ್ಪು ಒಪ್ಪಿಕೊಳ್ಳುವ ತಾಣ

"ನೆಟ್‌ವರ್ಕ್ ಇಂಜಿನಿಯರುಗಳಿಗೆ ಅಂತಲೇ ಬೇರೊಂದು ಜಾಲತಾಣ ಯಾಕಪ್ಪಾ ಬೇಕು?" ಮ್ಯಾನೇಜರು ಕಿಟಕಿಯತ್ತ ತಿರುಗಿ, ಯಾರಿಗೂ ಅಲ್ಲವೆಂಬಂತೆ ಕೇಳಿದರು.

ಆ ತಾಣವನ್ನು ಕಟ್ಟಿ ಆರು ವರ್ಷದಿಂದ ನಡೆಸುತ್ತಿದ್ದ ನಾಗವೇಣಿ ಮ್ಯಾನೇಜರ ಮೇಜಿನ ಮುಂದೆಯೇ ನಿಂತಿದ್ದಳು. ಅಲ್ಲಿಗೆ ಸೇರುವವರಿಗೆ ಕಟ್ಟಳೆ ಇಷ್ಟೇ: ಹೆಸರು ಹೇಳಬೇಕಿಲ್ಲ, ತಾನು ಕೆಡಿಸಿದ ನೆಟ್‌ವರ್ಕಿನ ಕಥೆಯನ್ನು ಮಾತ್ರ ಮುಚ್ಚುಮರೆಯಿಲ್ಲದೆ ಬರೆಯಬೇಕು. ಬರೆದದ್ದನ್ನು ಮತ್ತೆ ಅಳಿಸುವಂತಿಲ್ಲ.

"ಮದುವೆ ಮನೇಲಿ ಅಡುಗೆಯವರು ಕೊನೆಗೆ ತಮ್ಮದೇ ಪಂಕ್ತಿ ಹಾಕ್ಕೊಂಡು ಕೂರ್ತಾರಲ್ಲ ಸಾರ್, ಹಾಗೆ. ಹುಳಿಗೆ ಉಪ್ಪು ಹೆಚ್ಚಾಯ್ತು ಅಂತ ಒಪ್ಪಿಕೊಳ್ಳೋಕೆ ಅವರಿಗೂ ಒಂದು ಜಾಗ ಬೇಕು."

"ತಮಾಷೆ ಸಾಕಮ್ಮ. ಮೊನ್ನೆ ನಮ್ಮ ನಲವತ್ತು ಶಾಖೆಗಳ ನೆಟ್‌ವರ್ಕ್ ಬಿದ್ದದ್ದು ಹೇಗೆ ಅಂತ ಯಾರೋ ಅಲ್ಲಿ ಇಂಚಿಂಚೂ ಬರೆದಿದ್ದಾರೆ. ಅದನ್ನ ಅಳಿಸಿಬಿಡು."

"ಓದಿದೆ ಸಾರ್. ದೂರದಿಂದಲೇ ನೆಟ್‌ವರ್ಕಿನ ಒಳಗೆ ಬಂದು, ತಾವು ಬಂದ ದಾರೀನೇ ಮುಚ್ಚಿಬಿಟ್ಟಿದ್ದಾರೆ, ಪಾಪ. ಕೂತ ಕೊಂಬೇನೇ ಕಡಿದ ಹಾಗೆ. ತನ್ನ ತಪ್ಪಿಗೆ ಇನ್ನೊಬ್ಬರ ಕೆಲಸ ಹೋಯಿತು ಅಂತಲೂ ಬರೆದಿದ್ದಾರೆ. ಆ ತಪ್ಪು ಹೊರಿಸಿ ನೀವು ಮನೆಗೆ ಕಳಿಸಿದ ಶೇಷಪ್ಪನವರಿಗೆ ಉಳಿದಿರೋದು ಅದೊಂದೇ ಸಾಕ್ಷಿ."

"ಅಳಿಸದಿದ್ದರೆ ನಿನ್ನ ಕೆಲಸವೂ ಹೋಗುತ್ತೆ."

"ಹೋಗಲಿ ಬಿಡಿ."

ಮ್ಯಾನೇಜರು ಎದ್ದು ಹೋಗಿ ಬಾಗಿಲು ಹಾಕಿ ಬಂದರು. ಅವರ ದನಿ ಇಳಿದಿತ್ತು.

"ಬರೆದವರೇ ಬಂದು ಕೈಮುಗಿದು ಕೇಳಿಕೊಂಡರೆ?"

ನಾಗವೇಣಿ ತಲೆಯೆತ್ತಿದಳು. ಅವರು ಆಗಲೇ ಕೈಮುಗಿದು ನಿಂತಿದ್ದರು.

"ಆಗಲೂ ಅಳಿಸೋದಿಲ್ಲ ಸಾರ್."